ಪೆನ್ನಾಗರದ ದಾರಿಯಲ್ಲಿ ಒಂದು ದಿನ

ನಮ್ಮ ಸಂಘದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಬರೆಯುವುದಾಗಿ ಒಪ್ಪಿಕೊಂಡಿದ್ದೆ. ಮೂವತ್ತಾರು ವರ್ಷ ಅಧ್ಯಾಪನ ವೃತ್ತಿಯಲ್ಲಿದ್ದು ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನಿಗೆ ಆ ವಿಷಯದಲ್ಲಿ ಹೇಳುವುದು ಬೇಕಾದಷ್ಟಿತ್ತು. ಅರ್ಧದಷ್ಟು ಬರೆದೂ ಮುಗಿಸಿದ್ದೆ. ಆದರೆ ಕಳೆದ ಮಾಘಮಾಸದ ಒಂದು ಶುಕ್ರವಾರ ನಡೆದ ಸಂಗತಿ ಆ ಲೇಖನವನ್ನು ಬದಿಗಿರಿಸುವಂತೆ ಮಾಡಿತು. ಸರ್ಕಾರ, ಇಲಾಖೆ, ಪೋಷಕರು, ಕಾಲ, ಹೀಗೆ ಎಲ್ಲರ ತಪ್ಪುಗಳ ಪಟ್ಟಿಯೂ ಅದರಲ್ಲಿತ್ತು. ನನ್ನ ಹೆಸರು ಮಾತ್ರ ಇರಲಿಲ್ಲ. ಆ ಕಾರಣದಿಂದ ಅದರ ಬದಲು ಆ ಒಂದು ದಿನದ ವೃತ್ತಾಂತವನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ನನ್ನ ಮಗಳ ಮಗ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಉದ್ಯೋಗಿ. ಬೆಂಗಳೂರು ಎನ್ನುವುದು ಮಾತಿಗೆ ಮಾತ್ರ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ಕಚೇರಿ ಮುಚ್ಚಿದ ಮೇಲೆ ಅವನು ಆ ಕಟ್ಟಡದೊಳಗೆ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಒಂದು ತಿಂಗಳು ಮಡಿಕೇರಿಯಲ್ಲಿದ್ದರೆ ಮತ್ತೊಂದು ತಿಂಗಳು ಗೋಕರ್ಣದಲ್ಲಿ. ಲ್ಯಾಪ್‌ಟಾಪ್ ಎಲ್ಲಿ ತೆರೆದುಕೊಳ್ಳುವುದೋ ಅದೇ ಅವನ ಕಚೇರಿ. ಈ ಸಲ ಏರ್ಕಾಡಿನಲ್ಲಿ ಒಂದು ಕೊಠಡಿ ಹಿಡಿದಿದ್ದ. ಇಪ್ಪತ್ತು ಹೇರ್‌ಪಿನ್ ತಿರುವುಗಳನ್ನು ಇಳಿದರೆ ಸೇಲಂ. ಹೀಗಾಗಿ ವಾರಕ್ಕೊಮ್ಮೆ ಅಜ್ಜಿಯ ಕೈಯಡುಗೆ ಉಣ್ಣಲು ಬರುತ್ತಿದ್ದ.

ಅವನ ಅಜ್ಜಿಗೆ ಈ ಅಲೆದಾಟ ಹಿಡಿಸದು. “ಕೆಲಸ ಅಂದ ಮೇಲೆ ಅದಕ್ಕೊಂದು ಊರು ಬೇಡ್ವೇನೋ?” ಎಂಬುದು ಅವಳ ಪ್ರಶ್ನೆ. ನನಗೆ ಮಾತ್ರ ಅದು ಅಷ್ಟು ಹೊಸದೆನಿಸಲಿಲ್ಲ. ನಮ್ಮದು ಸೇಲಂನ ದೇವಾಂಗ ನೇಕಾರ ಮನೆತನ. ಎಷ್ಟೋ ತಲೆಮಾರುಗಳ ಹಿಂದೆ ಇತ್ತ ಬಂದು ನೆಲೆಸಿದರೂ ಮನೆಮಾತು ಕನ್ನಡವಾಗಿಯೇ ಉಳಿದ ಜನ ನಾವು. ನಮ್ಮ ತಂದೆಯವರು ನಡುಮನೆಯ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಇಲ್ಲಿ ವೆಣ್ಪಟ್ಟು ಎಂದು ಹೆಸರಾದ ಬಿಳಿ ರೇಷ್ಮೆಯ ಪಂಚೆಗಳನ್ನು ನೇಯುತ್ತಿದ್ದರು. ಸಾಹುಕಾರರು ನೂಲು ಕೊಡುವರು, ನೇಯ್ದುದನ್ನು ಒಯ್ಯುವರು. ಅವರ ಅಂಗಡಿಯ ಮುಖವನ್ನು ತಂದೆಯವರು ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ಮನೆಯೇ ಕಾರ್ಖಾನೆಯಾಗಿದ್ದ ಆ ಬಾಳಿನಲ್ಲಿ ಬೆಳೆದವನಿಗೆ ಮೊಮ್ಮಗನ ಉದ್ಯೋಗ ವಿಚಿತ್ರವಾಗಿ ಕಾಣಲು ಕಾರಣವಿರಲಿಲ್ಲ. ವ್ಯತ್ಯಾಸವೊಂದೇ. ತಂದೆಯವರ ಮಗ್ಗವನ್ನು ಹೊತ್ತುಕೊಂಡು ತಿರುಗಲಾಗುತ್ತಿರಲಿಲ್ಲ.

“ತಾತ, ನಾಳೆ ಪೆನ್ನಾಗರದ ಕಡೆ ಹೋಗ್ತಿದ್ದೀನಿ. ನನ್ನ ಜೊತೆ ಕೆಲಸ ಮಾಡ್ತಿದ್ದ ಗೆಳೆಯ ಒಬ್ಬ ಅಲ್ಲಿದ್ದಾನೆ. ನಾಲ್ಕು ವರ್ಷ ಪಕ್ಕದ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆವು. ಆಮೇಲೆ ಬರೀ ಸ್ಕ್ರೀನ್ ಮೇಲೆ ಮುಖ ನೋಡಿದ್ದು. ನೀನೂ ಬಾ, ಒಂದು ಸುತ್ತು ಆಗುತ್ತೆ” ಎಂದು ಗುರುವಾರ ರಾತ್ರಿ ಕರೆದ.

ಪೆನ್ನಾಗರದ ಹೆಸರು ಕೇಳಿ ನಾನು ಕ್ಷಣಕಾಲ ಸುಮ್ಮನಾದೆ. ಆ ದಾರಿಯ ಒಂದು ಹಳ್ಳಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರೂ ಇದ್ದರು. ನನ್ನ ಶಾಲೆಯ ಕನ್ನಡ ಮೇಷ್ಟ್ರು. ಹತ್ತೊಂಬತ್ತು ವರ್ಷ ಒಂದೇ ಶಾಲೆಯಲ್ಲಿ ದುಡಿದವರು ನಾವು. ಆದರೆ 2007ರ ಜೂನ್ ತಿಂಗಳಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಮೊಮ್ಮಗನಿಗೆ ಇದೊಂದೂ ಗೊತ್ತಿರಲಿಲ್ಲ. “ಬರುತ್ತೇನೆ” ಎಂದಷ್ಟೇ ಹೇಳಿದೆ.

ಬೆಳಗ್ಗೆ ಒಂಬತ್ತಕ್ಕೆ ಹೊರಟೆವು. ಓಮಲೂರು ದಾಟಿ ತೊಪ್ಪೂರು ಘಾಟಿಯನ್ನು ಏರುವಾಗ ಎರಡೂ ಬದಿ ಕುರುಚಲು ಬೆಟ್ಟ, ಮುಂದೆ ಏದುಸಿರು ಬಿಡುವ ಲಾರಿಗಳ ಸಾಲು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಧರ್ಮಪುರಿಯು ಜಿಲ್ಲೆಯಾಗಿ ಏಳೇ ವರ್ಷವಾಗಿತ್ತು. 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರ್ಪಟ್ಟ ಆ ಜಿಲ್ಲೆಯಲ್ಲಿ ಹೊಸೂರು, ಡೆಂಕಣಿಕೋಟೆಗಳೂ ಸೇರಿದ್ದವು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾದಾಗ ನಾನು ದುಡಿಯುತ್ತಿದ್ದ ಗಡಿಯೂರು ಅತ್ತ ಹೋಯಿತು. ಶಾಲೆ ಇದ್ದಲ್ಲೇ ಇತ್ತು, ಫಲಕದ ಮೇಲಿನ ಜಿಲ್ಲೆಯ ಹೆಸರು ಬದಲಾಯಿತು. ಮೊಮ್ಮಗನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಧರ್ಮಪುರಿಗೆ ತಗಡೂರೆಂಬ ಹಳೆಯ ಹೆಸರಿದ್ದುದನ್ನೂ, ಔವೈಯಾರ್‌ಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನ್ ಅರಸನ ಕಥೆಯನ್ನೂ, ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಆಳಿದ ಈ ನೆಲದಲ್ಲಿ ಕನ್ನಡ ಶಾಸನಗಳು ದೊರೆತುದನ್ನೂ ವಿವರಿಸಿದೆ. “ಹೊಗೇನಕಲ್ ಅನ್ನೋದು ಕನ್ನಡದ ಹೆಸರು ಅಂತ ಗೊತ್ತು ತಾತ. ಹೊಗೆಯ ಕಲ್ಲು” ಎಂದ. ಸಂತೋಷವಾಯಿತು. ಆದರೆ ದಾರಿಯುದ್ದಕ್ಕೂ ನನ್ನ ಮನಸ್ಸು ಬೇರೊಂದೆಡೆ ಇತ್ತೆಂಬುದನ್ನು ಮರೆಮಾಚಲಾರೆ.

ಧರ್ಮಪುರಿ ದಾಟಿದ ಮೇಲೆ ಹನ್ನೊಂದು ಗಂಟೆಗೆ ಅವನಿಗೆ ಸಭೆಯಿತ್ತು. ರಸ್ತೆಬದಿಯ ಹುಣಸೆಮರದ ನೆರಳಲ್ಲಿ ಕಾರು ನಿಲ್ಲಿಸಿ, ಫೋನಿನಲ್ಲಿ ಸಿಗ್ನಲ್ ಪರೀಕ್ಷಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದ. ನಾನು ಇಳಿದು ಮೋರಿಕಟ್ಟೆಯ ಮೇಲೆ ಕುಳಿತೆ. ಎದುರಿನ ಹೊಲದಲ್ಲಿ ಹೆಂಗಸರು ಬಡಿದುರುಳಿಸಿದ ಹುಣಸೆಹಣ್ಣನ್ನು ಆಯುತ್ತಿದ್ದರು. ಪರದೆಯಲ್ಲಿ ಆರೇಳು ಮುಖಗಳು, ಎಲ್ಲರದೂ ಇಂಗ್ಲಿಷ್ ಮಾತು. ನಡುವೆ ಮೇಕೆಯೊಂದು ಕಾರಿನ ಬಳಿ ಬಂದು ಅರಚಿದಾಗ ಅತ್ತಲಿನವರೆಲ್ಲ ನಕ್ಕರು. ಇಪ್ಪತ್ತೈದು ನಿಮಿಷದಲ್ಲಿ ಸಭೆ ಮುಗಿಯಿತು. ನನ್ನ ಸಿಬ್ಬಂದಿ ಸಭೆಗಳು ಇಷ್ಟು ಬೇಗ ಮುಗಿದದ್ದಿಲ್ಲ. ಒಂದು ಸಭೆಯಂತೂ ಹದಿನೆಂಟು ವರ್ಷವಾದರೂ ನನ್ನೊಳಗೆ ಮುಗಿದಿರಲಿಲ್ಲ.

ಗೆಳೆಯನ ಮನೆ ಪೆನ್ನಾಗರಕ್ಕೆ ಸಮೀಪದ ತೋಟದಲ್ಲಿತ್ತು. ಮಾವಿನ ಮರಗಳು ಹೂಬಿಟ್ಟಿದ್ದವು. ತಂದೆ ತೀರಿಕೊಂಡ ಮೇಲೆ ಆತ ಊರಿಗೆ ಮರಳಿ, ಅರ್ಧ ದಿನ ಯಾವುದೋ ಸಂಸ್ಥೆಗೆ ಮನೆಯಿಂದಲೇ ಕೆಲಸ ಮಾಡಿ, ಉಳಿದರ್ಧ ದಿನ ಜಮೀನು ನೋಡಿಕೊಳ್ಳುತ್ತಾನೆ. ಐದು ವರ್ಷದ ಮೇಲೆ ಎದುರುಬದುರಾದ ಗೆಳೆಯರಿಬ್ಬರೂ ಕೈಕುಲುಕಿ, ಏನು ಮಾತನಾಡಬೇಕೆಂದು ತೋಚದೆ ನಿಂತರು. “ನೀನು ಇಷ್ಟು ಎತ್ತರ ಅಂತ ಮರೆತೇ ಹೋಗಿತ್ತು” ಎಂದು ನನ್ನ ಮೊಮ್ಮಗ ಇಂಗ್ಲಿಷಿನಲ್ಲಿ ಹೇಳಿದ. ಪರದೆಯಲ್ಲಿ ಎಲ್ಲರೂ ಒಂದೇ ಎತ್ತರವಷ್ಟೆ.

ಅಷ್ಟರಲ್ಲಿ ಒಳಗಿನಿಂದ ಆತನ ತಾಯಿಯ ದನಿ ಕೇಳಿತು: “ಯಾರ್ಲಾ ಬಂದಿರದು? ಬಿಸ್ಲಾಗ್ ಬಂದವ್ರೆ, ಮೊದ್ಲು ನೀರ್ ಕೊಡ್ಲಾ.”

“ಕೊಡ್ತೀನಿ ಕಣವ್ವಾ” ಎಂದು ಆತ ಉತ್ತರಿಸಿದ.

ನನ್ನ ಮೊಮ್ಮಗ ಬೆರಗಾಗಿ ನಿಂತ. “ನಿಮ್ಮ ಮನೇಲಿ ಕನ್ನಡವಾ?” ಎಂದ. ಆತನೂ ಅಷ್ಟೇ ಬೆರಗಿನಿಂದ, “ನಿಮ್ಮದೂನಾ?” ಎಂದ. ನಾಲ್ಕು ವರ್ಷ ಪಕ್ಕಪಕ್ಕದಲ್ಲಿ ಕುಳಿತು, ಕೆಲಸದ ಮಾತನ್ನು ಇಂಗ್ಲಿಷಿನಲ್ಲಿಯೂ ಚಹಾ ಕುಡಿಯುವಾಗಿನ ಹರಟೆಯನ್ನು ತಮಿಳಿನಲ್ಲಿಯೂ ಆಡಿದ್ದ ಇಬ್ಬರೂ, ಸೇಲಂನವನು ತಮಿಳನೇ, ಧರ್ಮಪುರಿಯವನು ತಮಿಳನೇ ಎಂದು ಭಾವಿಸಿಕೊಂಡಿದ್ದರು. ಅದೂ ಬೆಂಗಳೂರಿನಲ್ಲಿ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಬಳಿಕ “ಅಲ್ಲಿ ಕನ್ನಡದವರ ಜೊತೆಗಾದರೂ ಮಾತಾಡಬಹುದಿತ್ತಲ್ಲಪ್ಪ?” ಎಂದು ಕೇಳಿದೆ. ಆ ಯುವಕ ಸ್ವಲ್ಪ ಸಂಕೋಚದಿಂದ, “ನಮ್ಮ ಮಾತು ಕೇಳಿದರೆ ಅಲ್ಲಿಯವರು ನಗ್ತಾರೆ ಅಂತ ಅಂಜಿಕೆ ತಾತ. ನಮಗೆ ಓದೋಕೂ ಬರಲ್ಲ, ಬರೆಯೋಕೂ ಬರಲ್ಲ. ಬರೀ ಅವ್ವನ ಜೊತೆ ಆಡೋ ಮಾತು” ಎಂದ. ನನ್ನ ಮೊಮ್ಮಗನೂ ತಲೆಯಾಡಿಸಿದ. ನನ್ನ ನಗು ಅಲ್ಲಿಗೆ ನಿಂತಿತು.

ಊಟಕ್ಕೆ ಹಿಟ್ಟು, ಅವರೆಕಾಳಿನ ಸಾರು. “ಹಿಟ್ಟು ತಿಂತೀಯಾ ಮಗಾ?” ಎಂದು ಆ ತಾಯಿ ಮೊಮ್ಮಗನನ್ನು ಕೇಳಿದರು. ಅವರ ಅಜ್ಜನ ಊರು ಕಾವೇರಿಯ ದಡದಲ್ಲಿತ್ತಂತೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದು ಜಲಾಶಯ ತುಂಬಿದಾಗ ಆ ಊರು ನೀರಿನಡಿ ಹೋಯಿತು. ಕುಟುಂಬ ಎತ್ತಿನ ಗಾಡಿಯಲ್ಲಿ ಇತ್ತ ಬಂದಿತು. ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಮುಳುಗಿದ್ದ ಗುಡಿಯ ನಂದಿ ಮೇಲೆ ಕಾಣಿಸಿಕೊಳ್ಳುವುದನ್ನು ನಾವೆಲ್ಲ ಬಲ್ಲೆವು. “ನಮ್ಮಪ್ಪ ಅದ ನೋಡಕ್ಕೇ ಹೋಗೋರು. ಊರು ಹೋದ್ರೂ ಮಾತು ತಂದ್ವಿ ಅನ್ನೋರು” ಎಂದರು ಆಕೆ. ಓದುಬರಹ ತಿಳಿಯದ ಆ ತಾಯಿ ಉಳಿಸಿದ್ದನ್ನು, ಬಿ.ಎ., ಬಿ.ಎಡ್. ಮಾಡಿದ ನಾನು ಎಷ್ಟು ಉಳಿಸಿದೆನೆಂದು ಎಲೆಯ ಮುಂದೆ ಕುಳಿತೇ ಲೆಕ್ಕ ಹಾಕಿದೆ.

ಮಾತಿನ ನಡುವೆ ನನ್ನ ಸಹೋದ್ಯೋಗಿಯ ಊರಿನ ಹೆಸರೆತ್ತಿದೆ. ಆಕೆ ಒಡನೆಯೇ, “ಕನ್ನಡ ಮೇಷ್ಟ್ರಾ? ಇಲ್ಲೇ ಎರಡು ಮೈಲಿ. ಪಾಪ, ಕಣ್ಣು ಪೂರ್ತಿ ಹೋಗದೆ” ಎಂದರು. ನಾನು ಕೈತೊಳೆದು ಎದ್ದೆ. ಕಾರಿನಲ್ಲಿ ಕುಳಿತ ಮೇಲೆ ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆ.

ಆ ‘ಎಲ್ಲ’ ಇಷ್ಟು. ನಮ್ಮ ಶಾಲೆಯಲ್ಲಿ ತಮಿಳು ಮಾಧ್ಯಮದೊಡನೆ ಕನ್ನಡ ಮಾಧ್ಯಮದ ವಿಭಾಗವೂ ಇತ್ತು. ವರ್ಷದಿಂದ ವರ್ಷಕ್ಕೆ ಅಲ್ಲಿಯ ಮಕ್ಕಳು ಕಡಿಮೆಯಾಗುತ್ತ ಬಂದರು. 2006ರಲ್ಲಿ ತಮಿಳು ಕಲಿಕೆಯ ಕಾಯಿದೆ ಬಂದು, ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಹೋಯಿತು. ಬಾಳುವ ನಾಡಿನ ಭಾಷೆಯನ್ನು ಕಲಿಯುವುದರಲ್ಲಿ ತಪ್ಪೇನೂ ಇಲ್ಲ. ನಾನೂ ತಮಿಳು ಓದಿದವನೇ. ಆದರೆ ಆ ಹೊತ್ತಿಗೆ ನಮ್ಮ ಜನರ ಧೈರ್ಯವೇ ಕುಂದಿತ್ತು. 2007ರ ಜೂನ್‌ನಲ್ಲಿ ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಸೇರಿದವರು ನಾಲ್ಕೇ ಮಕ್ಕಳು. ಸಿಬ್ಬಂದಿ ಸಭೆಯಲ್ಲಿ ನಾನು ಕನ್ನಡ ಮೇಷ್ಟ್ರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ. “ಬೇಸಗೆಯ ರಜೆಯಲ್ಲಿ ನಿದ್ದೆ ಮಾಡುತ್ತಿದ್ದಿರಾ? ನಾಲ್ಕು ಮನೆ ತಿರುಗಿದ್ದರೆ ಹತ್ತು ಮಕ್ಕಳಾದರೂ ಬರುತ್ತಿರಲಿಲ್ಲವೇ?” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಒಂದೇ ಮಾತು ಕೇಳಿದರು: “ನಿಮ್ಮ ಮಕ್ಕಳು ಯಾವ ಮಾಧ್ಯಮದಲ್ಲಿ ಓದಿದರು, ಹೆಡ್ ಮೇಷ್ಟ್ರೇ?”

ನನ್ನ ಮಗ, ಮಗಳು ಇಬ್ಬರೂ ಸೇಲಂನಲ್ಲಿ ಅಜ್ಜನ ಮನೆಯಲ್ಲಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಭೆಯಲ್ಲಿ ಯಾರೋ ಕೆಮ್ಮಿದರು. ನಾನು ಸಭೆಯನ್ನು ಮುಗಿಸಿ ಎದ್ದುಹೋದೆ. ಅಂದಿನಿಂದ ಅವರೊಡನೆ ಕಡತದ ಮೂಲಕವಲ್ಲದೆ ಮಾತನಾಡಲಿಲ್ಲ. 2008ರಲ್ಲಿ ನನ್ನ ಬೀಳ್ಕೊಡುಗೆಗೆ ಅವರು ಬರಲಿಲ್ಲ. ನಾನೂ ಕರೆದಿರಲಿಲ್ಲ. ಅವರ ನಿವೃತ್ತಿಯ ಸುದ್ದಿ ತಿಳಿದಾಗ ಒಂದು ಕಾರ್ಡನ್ನೂ ಹಾಕಲಿಲ್ಲ.

ಮೊಮ್ಮಗ ಏನನ್ನೂ ಹೇಳದೆ ಕಾರು ಓಡಿಸಿದ.

ಹೆಂಚಿನ ಮನೆಯ ಜಗಲಿಯಲ್ಲಿ ಅವರು ಕುಳಿತಿದ್ದರು. ಮೈ ಇಳಿದಿತ್ತು. ಕಾಲಸಪ್ಪಳ ಕೇಳಿ “ಯಾರು?” ಎಂದರು. ಏನೆಂದು ಹೇಳುವುದು? “ನಾನು ಮೇಷ್ಟ್ರೇ” ಎಂದೆ. ಅವರು ಮುಖವನ್ನು ನನ್ನತ್ತ ತಿರುಗಿಸಿ, “ಹೆಡ್ ಮೇಷ್ಟ್ರು! ಪ್ರಾರ್ಥನೆಯಲ್ಲಿ ಕೂಗುತ್ತಿದ್ದ ದನಿ ಹಾಗೇ ಇದೆ” ಎಂದು ಏಳಲು ಹೋದರು. ನಾನು ಭುಜ ಹಿಡಿದು ಕೂರಿಸಿದೆ. ಅವರ ಮನೆಯವರು ಹೊರಗೆ ಬಂದು, ನನ್ನನ್ನು ಗುರುತಿಸಿ, “ಬನ್ನಿ ಅಣ್ಣಾ. ಈಗ ದಾರಿ ಗೊತ್ತಾಯ್ತಾ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಸುದ್ದಿಗಳಾದವು. ಯಾರು ಇದ್ದಾರೆ, ಯಾರು ಇಲ್ಲ ಎಂಬ ಲೆಕ್ಕವಾಯಿತು. ನರಕ್ಕೆ ಸಂಬಂಧಿಸಿದ ದೋಷದಿಂದ ಅವರ ದೃಷ್ಟಿ ಹೋಗಿತ್ತು, ಇನ್ನು ಬರುವ ಭರವಸೆಯಿರಲಿಲ್ಲ. ಇದ್ದಕ್ಕಿದ್ದಂತೆ ಅವರು ಹೆಂಡತಿಯನ್ನು ಕರೆದು, ಪೆಟ್ಟಿಗೆಯಲ್ಲಿದ್ದ ನೋಟ್‌ಪುಸ್ತಕವೊಂದನ್ನು ತರಿಸಿದರು. “ಹುಡುಗನಿಗೆ ಕೊಡು. ಕಣ್ಣು ಚೆನ್ನಾಗಿರುವವನು ಓದಲಿ. ನನಗೂ ಕೇಳಿ ಬಹಳ ದಿನವಾಯಿತು” ಎಂದರು.

ಮೊಮ್ಮಗ ಪುಸ್ತಕವನ್ನು ತೆರೆದ. ಹಾಳೆ ತಿರುವಿದ. ಮುಖ ಕೆಂಪಾಯಿತು. ಮೆಲ್ಲಗೆ, “ನನಗೆ ಕನ್ನಡ ಓದಲು ಬರಲ್ಲ ಸಾರ್” ಎಂದ.

ಮೇಷ್ಟ್ರು ಏನೂ ಹೇಳಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡೆ.

ಅದು 2007ರ ಬೇಸಗೆಯ ರಜೆಯಲ್ಲಿ ಅವರು ಬರೆದಿಟ್ಟ ಪಟ್ಟಿ. ಮೂವತ್ತೊಂದು ಮನೆಗಳಿಗೆ ಹೋಗಿದ್ದರು. ಮನೆಯ ಯಜಮಾನರ ಹೆಸರು, ಮಗುವಿನ ಹೆಸರು, ಹೋದ ದಿನ, ಬಂದ ಉತ್ತರ, ಎಲ್ಲವೂ ಆ ಗುಂಡಗಿನ ಅಕ್ಷರಗಳಲ್ಲಿ. ನಾನು ಗಟ್ಟಿಯಾಗಿ ಓದುತ್ತ ಹೋದೆ. ‘ತಮಿಳಿನಲ್ಲಿ ಓದಿದರೆ ಕೆಲಸ ಸಿಗುವುದೆನ್ನುತ್ತಾರೆ.’ ‘ಬಸ್ಸು ಬರುವ ಇಂಗ್ಲಿಷ್ ಶಾಲೆಗೆ ಸೇರಿಸಿಯಾಗಿದೆ.’ ‘ಮುಂದಿನ ತರಗತಿಗಳಿಗೆ ಕನ್ನಡ ಪುಸ್ತಕ ಸಿಗುವುದೇ ಎಂದು ಕೇಳಿದರು.’ ‘ಸೇರಿಸುತ್ತೇವೆ ಎಂದರು.’ ಒಂಬತ್ತನೆಯ ಮನೆಗೆ ಬಂದಾಗ ನನ್ನ ದನಿ ತಡೆಯಿತು. ‘ಹೆಡ್ ಮೇಷ್ಟ್ರ ಮಕ್ಕಳೇ ಇಂಗ್ಲಿಷಿನಲ್ಲಿ ಓದಿದ್ದಾರಲ್ಲ ಎಂದು ಕೇಳಿದರು. ಉತ್ತರ ಹೇಳಲಾಗಲಿಲ್ಲ.’ ಹದಿನಾಲ್ಕನೆಯ ಮನೆಯಲ್ಲಿಯೂ ಅದೇ ಮಾತು. ಇಪ್ಪತ್ತಾರನೆಯದರಲ್ಲಿಯೂ ಅದೇ.

ನಾನು ನಿದ್ದೆ ಮಾಡುತ್ತಿದ್ದಿರಾ ಎಂದು ಕೇಳಿದ ಮನುಷ್ಯ ಆ ಬಿಸಿಲಿನಲ್ಲಿ ಮೂವತ್ತೊಂದು ಹೊಸ್ತಿಲು ತುಳಿದಿದ್ದರು. ನನ್ನನ್ನು ಅವಮಾನಿಸಲೆಂದೇ ಎತ್ತಿದ್ದೆಂದು ನಾನು ತಿಳಿದ ಆ ಪ್ರಶ್ನೆ ಅವರದಾಗಿರಲಿಲ್ಲ. ಮೂರು ಮನೆಗಳ ತಂದೆಯರು ಅವರನ್ನು ಕೇಳಿದ್ದ ಪ್ರಶ್ನೆ ಅದು. ಅವರು ಅದನ್ನು ನನಗೆ ತಲುಪಿಸಿದ್ದರು, ಅಷ್ಟೆ.

“ಇದನ್ನು ಆಗಲೇ ಏಕೆ ತೋರಿಸಲಿಲ್ಲ ಮೇಷ್ಟ್ರೇ?” ಎಂದೆ.

“ನೀವು ಕೇಳಲಿಲ್ಲ” ಎಂದರು. ಸ್ವಲ್ಪ ಹೊತ್ತಿನ ಬಳಿಕ ಅವರೇ, “ನಾನೂ ಅದನ್ನು ಹತ್ತು ಜನರೆದುರು ಕೇಳಬಾರದಾಗಿತ್ತು. ನಿಮ್ಮ ಕೊಠಡಿಗೆ ಬಂದು ಕೇಳಬೇಕಾಗಿತ್ತು. ಅಂದು ಸಿಟ್ಟಿನಲ್ಲಿದ್ದೆ” ಎಂದರು.

ನಾನು ಅವರ ಕೈ ಹಿಡಿದು, ತಪ್ಪಾಯಿತೆಂದು ಹೇಳಿದೆ. ಮೊಮ್ಮಗನ ಎದುರಿನಲ್ಲಿಯೇ ಹೇಳಿದೆ. ಹಾಗೆ ಹೇಳಲು ಹದಿನೆಂಟು ವರ್ಷ ಬೇಕಾಯಿತು. ಸೇಲಂನಿಂದ ಆ ಜಗಲಿಗೆ ಎರಡೂವರೆ ಗಂಟೆಯ ದಾರಿ.

ನನ್ನ ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದರೆ ಆ ವಿಭಾಗ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಮೂವತ್ತೊಂದರಲ್ಲಿ ಮೂರು ಉತ್ತರಗಳು ಮಾತ್ರ ನನ್ನವು, ಉಳಿದವಕ್ಕೆ ಬೇರೆ ಕಾರಣಗಳಿದ್ದವು. ಮಕ್ಕಳ ಬಾಳು ಹಸನಾಗಲೆಂದು ಬಯಸುವ ತಂದೆಯನ್ನು ದೂಷಿಸಲೂ ಮನಸ್ಸು ಬಾರದು. ಆದರೆ ಇಂಗ್ಲಿಷಿಗೆ ಕಳುಹಿಸಿದವನು ಸಂಜೆಯ ಹೊತ್ತು ಮನೆಯಲ್ಲಿ ಅರ್ಧ ಗಂಟೆ ಕನ್ನಡದ ಅಕ್ಷರವನ್ನು ತಿದ್ದಿಸಬಹುದಿತ್ತು. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿರಲಿಲ್ಲ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ನಾನು ನನ್ನ ಮಗಳಿಗೆ ಕಲಿಸಲಿಲ್ಲ. ಅದು ಅವಳ ಮಗನ ಕೈಯಲ್ಲಿ, ಆ ನೋಟ್‌ಪುಸ್ತಕದ ಮುಂದೆ, ಬೆಳಕಿಗೆ ಬಂದಿತು.

ಹೊರಡುವಾಗ ಸಂಜೆಯಾಗಿತ್ತು. ಮೇಷ್ಟ್ರ ಮನೆಯವರು ಒಂದು ಚೀಲ ಹುಣಸೆಹಣ್ಣು ಕಟ್ಟಿಕೊಟ್ಟರು. ತೊಪ್ಪೂರು ಘಾಟಿ ಇಳಿಯುವವರೆಗೂ ಮೊಮ್ಮಗ ಮಾತನಾಡಲಿಲ್ಲ. ಆಮೇಲೆ, “ತಾತ, ಎಷ್ಟು ದಿನದಲ್ಲಿ ಕಲಿಯಬಹುದು?” ಎಂದ. “ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು” ಎಂದೆ. “ನಾನು ಮೂರು ತಿಂಗಳು ಒಂದೇ ಊರಲ್ಲಿ ಇರಲ್ಲವಲ್ಲ” ಎಂದು ನಕ್ಕ.

ಊರಿನಲ್ಲಿರುವುದು ಬೇಕಾಗಲಿಲ್ಲ. ಈಗ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ನನ್ನ ಮಗಳು ಕೊಡಿಸಿದ ಟ್ಯಾಬಿನ ಮುಂದೆ ಕೂರುತ್ತೇನೆ. ಪರದೆಯಲ್ಲಿ ನಾಲ್ಕು ಚೌಕಗಳು. ಒಂದರಲ್ಲಿ ಮೊಮ್ಮಗ, ಅವನ ಹಿಂದಿನ ಗೋಡೆ ತಿಂಗಳಿಗೊಂದು ಬಗೆ. ಇನ್ನೊಂದರಲ್ಲಿ ಪೆನ್ನಾಗರದ ಯುವಕ. ಮೂರನೆಯದರಲ್ಲಿ ಕನ್ನಡ ಮೇಷ್ಟ್ರು. ಅವರು ಕಣ್ಣಿಲ್ಲದೆ ಉಕ್ತಲೇಖನ ಹೇಳುತ್ತಾರೆ, ನಾನು ಹುಡುಗರು ಬರೆದು ತೋರಿಸಿದ್ದನ್ನು ನೋಡಿ ತಿದ್ದುತ್ತೇನೆ. ಯುವಕನ ತಾಯಿ ಹಿಂದೆ ನಿಂತು ಕೆಲವೊಮ್ಮೆ ಮಗನಿಗಿಂತ ಮೊದಲು ಉತ್ತರ ಹೇಳಿಬಿಡುತ್ತಾರೆ. ಮೊಮ್ಮಗ ಎರಡು ವಾರ ತಪ್ಪಿಸಿಕೊಂಡ, ಕೆಲಸದ ನೆವ ಹೇಳಿದ. ಮೇಷ್ಟ್ರು ಬಿಡಲಿಲ್ಲ, ಫೋನ್ ಮಾಡಿ ಕರೆಸಿದರು. ಮೂವತ್ತೊಂದು ಮನೆ ತಿರುಗಿದವರಿಗೆ ಒಬ್ಬ ಹುಡುಗನನ್ನು ತರಗತಿಗೆ ತರುವುದು ದೊಡ್ಡದಲ್ಲ.

ಮುಚ್ಚಿದ ವಿಭಾಗ ಇದರಿಂದ ತೆರೆಯುವುದಿಲ್ಲ. ಮೇಷ್ಟ್ರ ಕಣ್ಣು ಮರಳುವುದಿಲ್ಲ. ಆದರೆ ಹುಡುಗರಿಬ್ಬರೂ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಾರೆ. ಈ ಸಂಚಿಕೆ ಅಚ್ಚಾಗಿ ಬಂದಾಗ ಎರಡು ಪ್ರತಿಗಳನ್ನು ಪೆನ್ನಾಗರಕ್ಕೆ ಒಯ್ಯಬೇಕೆಂದಿದ್ದೇನೆ. ಒಂದು ಆ ಯುವಕನಿಗೆ, ಮತ್ತೊಂದು ಮೇಷ್ಟ್ರಿಗೆ. ಮೇಷ್ಟ್ರಿಗೆ ಈ ಲೇಖನವನ್ನು ನನ್ನ ಮೊಮ್ಮಗ ಓದಿ ಹೇಳಬೇಕೆಂಬುದು ನನ್ನ ಆಸೆ. ಅವನು ತಡವರಿಸಿದರೆ ತಿದ್ದಲು ನಾವಿಬ್ಬರೂ ಅಲ್ಲಿಯೇ ಇರುತ್ತೇವೆ.